ಕತ್ತಿನಿಂದ ಊದುವುದು ಹೇಗೆ?

ಹೋದ ತಿಂಗಳು ಗಂಟಲ ಆಪರೇಷನ್ ಆದವರ ಒಂದು ಸಣ್ಣ ಸಭೆಯಲ್ಲಿ ಮಾತಾಡಲು ನನ್ನನ್ನು ಕರೆದಿದ್ದರು. ಸುಮಾರು ನಲವತ್ತು ಜನ ಇದ್ದರು. ಅರ್ಧದಷ್ಟು ಜನ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಉಳಿದವರು ಅವರ ಮನೆಯವರು, ಹಿಂದಿನ ಸಾಲಿನಲ್ಲಿ ಹತ್ತು ಹನ್ನೆರಡು ನರ್ಸಿಂಗ್ ಹುಡುಗಿಯರು. ನಾನು ಡಾಕ್ಟರ್ ಅಲ್ಲ. ಶ್ವಾಸಕೋಶದ ಶಕ್ತಿ ಅಳೆಯುವ ಲ್ಯಾಬಿನಲ್ಲಿ ಟೆಕ್ನಿಷಿಯನ್. ಆಸ್ಪತ್ರೆಯಲ್ಲಿ ಅದಕ್ಕೆ ಪಿಎಫ್‌ಟಿ ರೂಮ್ ಅಂತಾರೆ, ರೋಗಿಗಳು ಊದೋ ಟೆಸ್ಟ್ ರೂಮ್ ಅಂತಾರೆ. ಮಾತಾಡಿದ್ದನ್ನು ಬರೆದುಕೊಡಿ ಅಂತ ಕೆಲವರು ಕೇಳಿದರು. ಅದಕ್ಕೇ ಇದು. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ, ನಡುನಡುವೆ ದಾರಿ ತಪ್ಪಿದ್ದನ್ನೂ.

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ. ಒಬ್ಬ ಯಜಮಾನರು ಬಂದರು. ಕತ್ತಿಗೆ ಟವೆಲ್ ಸುತ್ತಿಕೊಂಡಿದ್ದರು. ಚೀಟಿಯಲ್ಲಿ 'ಪಿಎಫ್‌ಟಿ' ಅಂತ ಮಾತ್ರ ಬರೆದಿತ್ತು. ನಾನು ಎಲ್ಲರಿಗೂ ಮಾಡುವ ಹಾಗೆ ಕೂರಿಸಿದೆ, ಮೂಗಿಗೆ ಕ್ಲಿಪ್ ಹಾಕಿದೆ, ಬಾಯಿಗೆ ಕೊಳವೆ ಕೊಟ್ಟೆ. 'ಪೂರ್ತಿ ಉಸಿರು ಎಳೆದುಕೊಂಡು ಜೋರಾಗಿ ಊದಿ ಸರ್' ಅಂದೆ. ಅವರು ಕೆನ್ನೆ ಉಬ್ಬಿಸಿ ಊದಿದರು. ಮೆಷಿನ್ 0.06 ಲೀಟರ್ ಅಂತ ತೋರಿಸಿತು. ಅಂದರೆ ಕೆನ್ನೆಯಲ್ಲಿದ್ದ ಗಾಳಿ, ಅಷ್ಟೇ. 'ಸರ್, ಸುಮ್ನೆ ಬಾಯಿ ಉಬ್ಬಿಸಬೇಡಿ, ಎದೆಯಿಂದ ಊದಿ' ಅಂತ ಸ್ವಲ್ಪ ಗದರಿದೆ ಕೂಡ. ಮೂರು ಸಲ ಊದಿಸಿದೆ. ಮೂರನೇ ಸಲ ಆದ ಮೇಲೆ ಅವರು ನಿಧಾನವಾಗಿ ಟವೆಲ್ ಬಿಚ್ಚಿದರು, ಕತ್ತಿನ ಬುಡದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ ತೂತು ತೋರಿಸಿ ನನ್ನ ಮುಖ ನೋಡಿದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಇಲ್ಲಿ ಕೂತಿರುವ ನಿಮ್ಮಲ್ಲಿ ಅರ್ಧ ಜನಕ್ಕೆ ಇದು ಹೊಸದಲ್ಲ. ಆದರೆ ಹಿಂದಿನ ಸಾಲಿನ ಮಕ್ಕಳಿಗೋಸ್ಕರ ಒಮ್ಮೆ ಹೇಳುತ್ತೇನೆ. ನಮಗೆಲ್ಲ ಗಂಟಲಿನವರೆಗೆ ದಾರಿ ಒಂದೇ. ಅಲ್ಲಿಂದ ಎರಡು ಕವಲು. ಹಿಂದಿನದು ಅನ್ನನಾಳ, ಮುಂದಿನದು ಗಾಳಿಕೊಳವೆ. ಗಾಳಿಕೊಳವೆಯ ಬಾಗಿಲಲ್ಲಿ ಕಾವಲಿಗೆ ಕೂತಿರುವುದೇ ಧ್ವನಿಪೆಟ್ಟಿಗೆ. ಮಾತು ಅದರ ಉಪಕಸುಬು. ಅನ್ನ ನೀರು ಗಾಳಿಕೊಳವೆಗೆ ಇಳಿಯದ ಹಾಗೆ ನೋಡಿಕೊಳ್ಳುವುದೇ ಅದರ ಮುಖ್ಯ ಕೆಲಸ. ಕ್ಯಾನ್ಸರ್ ಬಂದು ಅದನ್ನು ಪೂರ್ತಿ ತೆಗೆದರೆ ಕಾವಲುಗಾರ ಇಲ್ಲದ ಬಾಗಿಲು ತೆರೆದಿಡಲು ಆಗುವುದಿಲ್ಲ. ಅದಕ್ಕೆ ಗಾಳಿಕೊಳವೆಯ ತುದಿಯನ್ನು ಮುಂದಕ್ಕೆ ಬಗ್ಗಿಸಿ ಕತ್ತಿನ ಚರ್ಮಕ್ಕೆ ಹೊಲಿದುಬಿಡುತ್ತಾರೆ. ಅದೇ ಸ್ಟೋಮಾ. ಅಲ್ಲಿಂದ ಮುಂದೆ ಬಾಯಿ ಹೊಟ್ಟೆಯ ದಾರಿ ಮಾತ್ರ, ಉಸಿರಿನ ದಾರಿ ಕತ್ತು. ಇವೆರಡೂ ಮತ್ತೆ ತಾವಾಗಿ ಎಲ್ಲೂ ಸೇರುವುದಿಲ್ಲ.

ಐಸಿಯುನಲ್ಲಿ ಕೆಲವರಿಗೆ ಕತ್ತಿನಲ್ಲಿ ಟ್ಯೂಬ್ ಹಾಕುತ್ತಾರಲ್ಲ, ಟ್ರಕಿಯಾಸ್ಟಮಿ, ಅದು ಬೇರೆ. ಅವರಿಗೆ ಮೇಲಿನ ದಾರಿ ಹಾಗೇ ಇರುತ್ತದೆ. ಟ್ಯೂಬ್ ತೆಗೆದರೆ ತೂತು ಮುಚ್ಚಿಕೊಂಡು ಮತ್ತೆ ಮೂಗಿನಿಂದ ಉಸಿರಾಡಬಹುದು. ನೋಡಲು ಎರಡೂ ಒಂದೇ ಥರ ಕಾಣುತ್ತವೆ, ಮೋಸ ಹೋಗಬೇಡಿ. ಅನುಮಾನ ಬಂದರೆ ಒಂದು ಸಣ್ಣ ಕನ್ನಡಿ ತೆಗೆದುಕೊಂಡು ಮೊದಲು ಮೂಗಿನ ಕೆಳಗೆ ಹಿಡಿಯಿರಿ, ಆಮೇಲೆ ಕತ್ತಿನ ಮುಂದೆ. ಎಲ್ಲಿ ಹಬೆ ಕೂರುತ್ತದೋ ಅಲ್ಲಿ ಉಸಿರು. (ಸಭೆಯಲ್ಲಿ ಇದನ್ನು ಮಾಡಿಯೇ ತೋರಿಸಿದೆವು. ಮುಂದಿನ ಸಾಲಿನ ಒಬ್ಬರು ಎದ್ದು ಬಂದು ಕತ್ತು ಮುಂದೆ ಮಾಡಿದರು. ಕನ್ನಡಿ ಮಸುಕಾಯಿತು. ಅದರ ಮೇಲೆ ಬೆರಳಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಬರೆದು ವಾಪಸ್ ಹೋಗಿ ಕೂತರು. ಎಲ್ಲರೂ ಚಪ್ಪಾಳೆ ಹೊಡೆದರು.)

ಇತಿಹಾಸ ಎರಡೇ ಮಾತಿನಲ್ಲಿ. ಲಂಡನ್ನಿನ ಜಾನ್ ಹಚಿನ್‌ಸನ್ ಅನ್ನುವ ವೈದ್ಯ ನೀರಿನಲ್ಲಿ ಬೋರಲು ಹಾಕಿದ ಡಬ್ಬದಂಥ ಒಂದು ಉಪಕರಣದಿಂದ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರು ಅಳೆದು 1846ರಲ್ಲಿ ಪ್ರಕಟಿಸಿದ. ಪೊಲೀಸರು, ನಾವಿಕರು, ಕುಸ್ತಿ ಪಟುಗಳು, ಕುಳ್ಳರು, ದೈತ್ಯರು, ಯಾರನ್ನೂ ಬಿಡಲಿಲ್ಲ. ಎಲ್ಲರೂ ಊದಿದ್ದು ಬಾಯಿಂದ. ಕ್ಯಾನ್ಸರಿಗಾಗಿ ಇಡೀ ಧ್ವನಿಪೆಟ್ಟಿಗೆ ತೆಗೆದ ಮೊದಲ ಆಪರೇಷನ್ ವಿಯೆನ್ನಾದ ಬಿಲ್‌ರೋತ್ ಮಾಡಿದ್ದು, 1873ರ ಡಿಸೆಂಬರ್ 31ರಂದು. ಅಂದರೆ ಅಳತೆ ಮೊದಲು ಬಂತು, ನಿಮ್ಮಂಥವರು ಆಮೇಲೆ ಬಂದಿರಿ. ಮೆಷಿನ್ ಇವತ್ತಿಗೂ ಬಾಯಿ ಇದೆ ಅಂದುಕೊಂಡೇ ತಯಾರಾಗುತ್ತದೆ. ನಮ್ಮ ತಲೆನೋವೆಲ್ಲ ಅಲ್ಲಿಂದಲೇ ಶುರು.

'ಗಂಟಲಿನ ರೋಗಕ್ಕೆ ಶ್ವಾಸಕೋಶದ ಟೆಸ್ಟ್ ಯಾಕೆ?' ಅಂತ ಮನೆಯವರು ಕೇಳುತ್ತಾರೆ. ಗಂಟಲಿಗೆ ಹೋದ ಬೀಡಿ ಹೊಗೆ ಗಂಟಲಲ್ಲೇ ನಿಲ್ಲುವುದಿಲ್ಲವಲ್ಲ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಬೀಡಿ, ಸಿಗರೇಟ್ ಸೇದಿದವರೇ. ಹೊಗೆಯಿಂದ ಬರುವ ದಮ್ಮು, ಸಿಒಪಿಡಿ, ಅವರಲ್ಲಿ ಜಾಸ್ತಿ. ಆಪರೇಷನ್ನಿಗೆ ಮುಂಚೆಯೇ ಇದು ಗೊತ್ತಿರಬೇಕು. ಧ್ವನಿಪೆಟ್ಟಿಗೆಯ ಒಂದು ಭಾಗ ಮಾತ್ರ ತೆಗೆಯುವ ಆಪರೇಷನ್ನೂ ಇದೆ. ಅದರಲ್ಲಿ ಕೆಲವು ಕಾಲ ಅನ್ನ ನೀರು ಗಾಳಿಕೊಳವೆಗೆ ಸೋರುವುದು ಸಾಮಾನ್ಯ. ಕೆಮ್ಮಿ ಹೊರಹಾಕುವಷ್ಟು ಶಕ್ತಿ ಶ್ವಾಸಕೋಶಕ್ಕೆ ಇಲ್ಲದಿದ್ದರೆ ಅದನ್ನು ಮಾಡುವುದು ಅಪಾಯ. ಹಳೆಯ ಸರ್ಜನ್‌ಗಳು ಇದಕ್ಕೆ ಮೆಷಿನ್ನೇ ಬೇಡ ಅನ್ನುತ್ತಿದ್ದರು. ರೋಗಿಯ ಜೊತೆ ಎರಡು ಮಹಡಿ ಮೆಟ್ಟಿಲು ಹತ್ತುತ್ತಿದ್ದರು. ನಡುವೆ ನಿಲ್ಲದೆ ಹತ್ತಿದರೆ ಸರಿ. ನನಗೆ ಈ ಟೆಸ್ಟ್ ಈಗಲೂ ಇಷ್ಟ.

ಇನ್ನೊಂದು ವಿಷಯ. ಆಪರೇಷನ್ನಿಗೆ ಮುಂಚಿನ ಊದೋ ಟೆಸ್ಟನ್ನು ಹುಷಾರಾಗಿ ಓದಬೇಕು. ಗೆಡ್ಡೆಯೇ ದಾರಿಗೆ ಅಡ್ಡ ಕೂತಿರುತ್ತದೆ. ನೀರಿನ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಅದುಮಿದರೆ ಟ್ಯಾಂಕಿನಲ್ಲಿ ಎಷ್ಟೇ ನೀರಿದ್ದರೂ ಹರಿವು ಕಡಿಮೆ, ಅಲ್ವಾ? ಹಾಗೆಯೇ ಇದು. ಸಾಮಾನ್ಯವಾಗಿ ಊದಿದಾಗ ಮೆಷಿನ್ನಿನ ಗೀಟು ಚೂಪಾದ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಇಲ್ಲಿ ಗುಡ್ಡದ ತಲೆ ಕತ್ತರಿಸಿದ ಹಾಗೆ ಚಪ್ಪಟೆ ಆಗುತ್ತದೆ, ಉಸಿರು ಒಳಗೆಳೆಯುವ ಗೀಟೂ ಚಪ್ಪಟೆ. ಅದನ್ನು ನೋಡದೆ ಅಂಕಿ ಮಾತ್ರ ಓದಿ 'ಶ್ವಾಸಕೋಶ ಹೋಗಿದೆ' ಅಂದುಬಿಟ್ಟರೆ ತಪ್ಪು. ಆಪರೇಷನ್ ಆದ ಮೇಲೆ ಅದೇ ಮನುಷ್ಯನ ಅಂಕಿ ಮೊದಲಿಗಿಂತ ಚೆನ್ನಾಗಿ ಬಂದದ್ದನ್ನು ನಾನೇ ನೋಡಿದ್ದೇನೆ. ಶ್ವಾಸಕೋಶವೇನೂ ಹೊಸದಾಗಿರಲಿಲ್ಲ. ಅಡ್ಡ ಕೂತಿದ್ದು ಎದ್ದು ಹೋಗಿತ್ತು.

ಈಗ ನನ್ನ ನಿಜವಾದ ವಿಷಯಕ್ಕೆ ಬರುತ್ತೇನೆ: ಜೋಡಣೆ. ಕತ್ತಿನ ತೂತಿಗೂ ಮೆಷಿನ್ನಿಗೂ ನಡುವೆ ಗಾಳಿ ಸೋರದ ಹಾಗೆ ಕೂಡಿಸುವುದು. ಮೆಷಿನ್ ಲಕ್ಷಗಟ್ಟಲೆ ಬೆಲೆಯದಿರಬಹುದು. ಜೋಡಣೆ ಸರಿಯಿಲ್ಲದಿದ್ದರೆ ಅದು ಹೇಳುವುದೆಲ್ಲ ಸುಳ್ಳು. ಮೂರು ಲೀಟರ್ ಊದಬಲ್ಲವರು ಅರ್ಧ ಲೀಟರನ್ನು ಮಾಸ್ಕಿನ ಪಕ್ಕದಿಂದ ಬಿಟ್ಟುಬಿಟ್ಟರೆ ರಿಪೋರ್ಟಿನಲ್ಲಿ ಎರಡೂವರೆ ಅಂತ ಬರುತ್ತದೆ. ಅದನ್ನು ನೋಡಿ ಯಾರೋ ಡಾಕ್ಟರ್ ಇಲ್ಲದ ಕಾಯಿಲೆಗೆ ಔಷಧಿ ಬರೆಯುತ್ತಾರೆ.

ಒಂದು ದಾರಿ ಎಂದರೆ ಸ್ಟೋಮಾದ ಒಳಗೆ ಕಫ್ ಇರುವ ಟ್ಯೂಬ್ ಹಾಕುವುದು. ಕಫ್ ಬೇರೆ, ಕಫ ಬೇರೆ, ನಮ್ಮ ರೂಮಿನಲ್ಲಿ ಈ ಗೊಂದಲ ದಿನಾ ಇದ್ದದ್ದೇ. ಕಫ್ ಅಂದರೆ ಟ್ಯೂಬಿನ ಸುತ್ತ ಇರುವ ಪುಟ್ಟ ಬಲೂನು. ಗಾಳಿ ತುಂಬಿದರೆ ಅದು ಉಬ್ಬಿ ಗಾಳಿಕೊಳವೆಯ ಗೋಡೆಗೆ ಒತ್ತಿಕೊಳ್ಳುತ್ತದೆ, ಸೋರಿಕೆ ನಿಲ್ಲುತ್ತದೆ. ಟ್ಯೂಬಿನ ಹೊರತುದಿ 15 ಮಿಲಿಮೀಟರ್ ಅಳತೆಯದು, ಎಲ್ಲ ಆಸ್ಪತ್ರೆಯಲ್ಲೂ ಸಿಗುವ ಅಡಾಪ್ಟರ್ ಅದಕ್ಕೆ ಹೊಂದುತ್ತದೆ. ಸುಲಭ. ಆದರೆ ಎರಡು ತೊಂದರೆ. ಗಂಡಸರ ಗಾಳಿಕೊಳವೆ ಅಡ್ಡಕ್ಕೆ ಸುಮಾರು 18 ಮಿಲಿಮೀಟರ್ ಅಂತಿಟ್ಟುಕೊಳ್ಳಿ, ಟ್ಯೂಬಿನ ಒಳ ಅಳತೆ 8. ಲೆಕ್ಕ ಹಾಕಿ ನೋಡಿ, ದಾರಿಯ ವಿಸ್ತೀರ್ಣ ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಒಟ್ಟು ಎಷ್ಟು ಗಾಳಿ ಅನ್ನುವುದು ಹೇಗೋ ಬರುತ್ತದೆ, ನಿಧಾನಕ್ಕಾದರೂ ಹೊರಗೆ ಬರಲೇಬೇಕಲ್ಲ. ಎಷ್ಟು ವೇಗ ಅನ್ನುವುದು ಮಾತ್ರ ಹಾಳು. ಮೊದಲ ಒಂದು ಸೆಕೆಂಡಿನಲ್ಲಿ ಬಂದ ಗಾಳಿ ಕಡಿಮೆ ತೋರಿಸುತ್ತದೆ, ಇಲ್ಲದ ದಮ್ಮು ಇದ್ದ ಹಾಗೆ ಕಾಣುತ್ತದೆ.

ಎರಡನೇ ತೊಂದರೆ ಇನ್ನೂ ಕುತಂತ್ರದ್ದು. ಕೆಲವರಿಗೆ ವರ್ಷ ಕಳೆದ ಹಾಗೆ ಸ್ಟೋಮಾ ಸುತ್ತಲಿನ ಚರ್ಮ ಬಿಗಿದು ತೂತು ಕಿರಿದಾಗುತ್ತದೆ. ಉಸಿರಿಗೆ ಕಷ್ಟ ಅಂತ ಬರುತ್ತಾರೆ. ನಾವು ಟ್ಯೂಬ್ ಹಾಕಿ ಅಳೆಯುತ್ತೇವೆ. ಕಿರಿದಾದ ಜಾಗವನ್ನೇ ಟ್ಯೂಬ್ ದಾಟಿ ಒಳಗೆ ಹೋಗಿಬಿಟ್ಟಿರುತ್ತದೆ! ಯಾವುದನ್ನು ಹುಡುಕಬೇಕಿತ್ತೋ ಅದನ್ನು ನಾವೇ ಮುಚ್ಚಿಟ್ಟ ಹಾಗಾಯಿತು.

ಅದಕ್ಕೆ ನಾನು ಹೊರಗಿನಿಂದ ಜೋಡಿಸುವುದನ್ನೇ ಮೆಚ್ಚುತ್ತೇನೆ. ಇದರಲ್ಲೂ ಎರಡು ಬಗೆ. ಒಂದು, ಸ್ಟೋಮಾ ಸುತ್ತ ಅಂಟಿಸುವ ಪ್ಲಾಸ್ಟಿಕ್ ಪಟ್ಟಿ. ನಿಮ್ಮಲ್ಲಿ ಕತ್ತಿಗೆ ತೇವ ಹಿಡಿದಿಡುವ ಫಿಲ್ಟರ್ ಹಾಕಿಕೊಳ್ಳುವವರಿಗೆ ಗೊತ್ತು, ನಡುವೆ 22 ಮಿಲಿಮೀಟರ್ ಬಳೆ ಇರುತ್ತದಲ್ಲ, ಅದೇ. ಅದರೊಳಗಿನ ಫಿಲ್ಟರ್ ತೆಗೆದು ಅಡಾಪ್ಟರ್ ಸಿಕ್ಕಿಸಿದರೆ ಆಯಿತು. ಚರ್ಮ ಒರೆಸಿ ಒಣಗಿಸಬೇಕು, ಗಡ್ಡದ ಕೂದಲು ಇರಬಾರದು. ಕತ್ತಿನ ಎರಡೂ ಕಡೆ ಸ್ನಾಯು ಎದ್ದು ನಡುವೆ ಸ್ಟೋಮಾ ಗುಳಿಯಲ್ಲಿ ಕೂತಿದ್ದರೆ ಪಟ್ಟಿ ಸರಿಯಾಗಿ ಕೂರುವುದಿಲ್ಲ, ಜೋರಾಗಿ ಊದಿದ ಕೂಡಲೇ ಒಂದು ಅಂಚು ಎದ್ದು 'ಪುರ್' ಅನ್ನುತ್ತದೆ. ಆಗ ಎರಡನೇ ಬಗೆ: ಎಳೆ ಮಕ್ಕಳಿಗೆ ಅರಿವಳಿಕೆ ಕೊಡುವಾಗ ಬಳಸುವ ದುಂಡನೆಯ ಸಿಲಿಕೋನ್ ಮಾಸ್ಕ್. ಮೆತ್ತಗೆ ಇರುತ್ತದೆ, ಗುಳಿಗೂ ಹೊಂದಿಕೊಳ್ಳುತ್ತದೆ. ಬೆಲೆಯೂ ಹೆಚ್ಚಿಲ್ಲ.

ಮಾಸ್ಕನ್ನು ಯಾರು ಒತ್ತಿ ಹಿಡಿಯಬೇಕು? ಮೊದಲು ನಾನೇ ಹಿಡಿಯುತ್ತಿದ್ದೆ. ಬೇರೆಯವರು ಕತ್ತು ಒತ್ತಿದರೆ ಯಾರಿಗೆ ತಾನೇ ಭಯ ಆಗುವುದಿಲ್ಲ? ಈಗ ಅವರ ಕೈಗೇ ಕೊಡುತ್ತೇನೆ. ಮಾತಿನ ವಾಲ್ವ್ ಹಾಕಿಸಿಕೊಂಡು, ಮಾತಾಡಲು ದಿನಕ್ಕೆ ನೂರು ಸಲ ಹೆಬ್ಬೆರಳಿನಿಂದ ಸ್ಟೋಮಾ ಮುಚ್ಚುವವರಿಗೆ ಎಲ್ಲಿ ಎಷ್ಟು ಒತ್ತಬೇಕು ಅಂತ ನಾನು ಹೇಳಿಕೊಡಬೇಕಾಗಿಲ್ಲ. ನಾನು ಪಕ್ಕದಲ್ಲಿ ನಿಂತು ನನ್ನ ಕೈಯ ಹಿಂಭಾಗವನ್ನು ಮಾಸ್ಕಿನ ಅಂಚಿನ ಹತ್ತಿರ ಹಿಡಿಯುತ್ತೇನೆ. ತಣ್ಣಗೆ ಗಾಳಿ ತಾಗಿದರೆ ಆ ಊದು ಲೆಕ್ಕಕ್ಕಿಲ್ಲ.

ರೋಗಿ ಬರುವ ಮೊದಲೇ ಇನ್ನೊಂದು ಕೆಲಸ ಮಾಡುತ್ತೇನೆ. ನಮ್ಮ ಹತ್ತಿರ ಸೈಕಲ್ ಪಂಪಿನಂಥ ಒಂದು ದೊಡ್ಡ ಸಿರಿಂಜ್ ಇದೆ, ಸರಿಯಾಗಿ 3 ಲೀಟರಿನದು. ದಿನಾ ಬೆಳಿಗ್ಗೆ ಮೆಷಿನ್ ಸರಿಯಿದೆಯಾ ನೋಡುವುದು ಅದರಲ್ಲೇ. ಕತ್ತಿನ ರೋಗಿ ಇದ್ದ ದಿನ ಅಡಾಪ್ಟರ್, ರೋಗಾಣು ತಡೆಯುವ ಮೆಷಿನ್ನಿನ ಫಿಲ್ಟರ್ ಎಲ್ಲ ಸಿಕ್ಕಿಸಿಯೇ ಇನ್ನೊಮ್ಮೆ ಪಂಪ್ ಮಾಡುತ್ತೇನೆ. 2.91ಕ್ಕೂ 3.09ಕ್ಕೂ ನಡುವೆ ಬಂದರೆ ಪಾಸ್. ಒಂದು ಸಲ 2.7 ಬಂತು. ಹುಡುಕಿದರೆ ಅಡಾಪ್ಟರಿನಲ್ಲಿ ಕೂದಲೆಳೆಯಷ್ಟು ಬಿರುಕು. ಹಿಂದಿನ ವಾರ ಅದರಲ್ಲಿ ಎಷ್ಟು ಜನರಿಗೆ ಮಾಡಿದ್ದೆ ಅಂತ ನೆನೆಸಿಕೊಂಡು ಇಬ್ಬರನ್ನು ಮತ್ತೆ ಕರೆಸಿದೆ. ಬೈದರು, ಬಂದರು.

ಊದುವುದನ್ನು ಹೇಳಿಕೊಡುವುದೂ ಬೇರೆ ಥರ. ಮೂಗಿಗೆ ಕ್ಲಿಪ್ ಬೇಡ, ಆ ದಾರಿಯೇ ಇಲ್ಲವಲ್ಲ. 'ಊದಿ' ಅಂದ ಕೂಡಲೇ ಅರವತ್ತು ವರ್ಷದ ಅಭ್ಯಾಸ, ತುಟಿ ಮುಂದೆ ಬರುತ್ತದೆ, ಕೆನ್ನೆ ಉಬ್ಬುತ್ತದೆ, ಕತ್ತಿನಿಂದ ಅರ್ಧ ಉಸಿರೂ ಬರುವುದಿಲ್ಲ. ಅದಕ್ಕೆ 'ಊದಿ' ಅನ್ನುವುದನ್ನೇ ಬಿಟ್ಟಿದ್ದೇನೆ. 'ಬಾಯಿ ಸುಮ್ನೆ ತೆರೆದುಕೊಂಡಿರಿ, ಕಫ ಹೊರಗೆ ಹಾಕಲು ಕೆಮ್ಮುತ್ತೀರಲ್ಲ, ಹಾಗೆ ಶುರು ಮಾಡಿ, ಆದರೆ ನಿಲ್ಲಿಸಬೇಡಿ, ಹೊಟ್ಟೆ ಬೆನ್ನಿಗೆ ಹತ್ತುವ ತನಕ' ಅನ್ನುತ್ತೇನೆ. ತಕ್ಷಣ ಅರ್ಥ ಆಗುತ್ತದೆ. ಅವರಿಗೆ 'ಸಾಕು' ಅನ್ನಲು ಬಾಯಿ ಬಾರದು, ಕೈ ಎತ್ತಿದರೆ ನಿಲ್ಲಿಸುತ್ತೇನೆ ಅಂತ ಮೊದಲೇ ಮಾತಾಗಿರಬೇಕು. ಇದನ್ನು ಮರೆತರೆ ರೋಗಿ ಗಾಬರಿಯಾಗುತ್ತಾರೆ.

ಶುರು ಮಾಡುವ ಮುಂಚೆ ಚೆನ್ನಾಗಿ ಕೆಮ್ಮಿಸಿ ಕಫ ತೆಗೆಸಬೇಕು, ಬೇಕಾದರೆ ಸಕ್ಷನ್, ಅಂದರೆ ಸಣ್ಣ ಕೊಳವೆಯಿಂದ ಹೀರಿ ತೆಗೆಯುವುದು. ಇಲ್ಲದಿದ್ದರೆ ಮೊದಲ ಊದಿಗೇ ಅದು ಫಿಲ್ಟರಿಗೆ ಹೋಗಿ ಅಂಟುತ್ತದೆ. ಪ್ರತಿ ರೋಗಿಗೂ ಹೊಸ ಫಿಲ್ಟರ್. ಇದರಲ್ಲಿ ಜುಗ್ಗತನ ಬೇಡ, ನಮ್ಮ ದೇಶದಲ್ಲಿ ಟಿಬಿ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ಆಮೇಲೆ, ಮಾತಿಗೆ ವಾಲ್ವ್ ಹಾಕಿಸಿಕೊಂಡವರು. ಗಾಳಿಕೊಳವೆಗೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ ಕೂರುವ ಆ ಪುಟ್ಟ ಒನ್‌ವೇ ವಾಲ್ವ್. ಸ್ಟೋಮಾ ಮುಚ್ಚಿದರೆ ಉಸಿರು ಅದರೊಳಗಿಂದ ಬಾಯಿ ಕಡೆ ಹೋಗಿ ಮಾತಾಗುತ್ತದೆ. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ತಮ್ಮ ಗೆಳೆಯರ ಜೊತೆ ಸೇರಿ 2015ರ ಸುಮಾರಿಗೆ 50 ರೂಪಾಯಿಗೆ ಸಿಗುವ ಹಾಗೆ 'ಓಂ' ವಾಲ್ವ್ ಮಾಡಿದ್ದು ನಿಮಗೆ ಗೊತ್ತಿರಬಹುದು. (ನನ್ನ ಆಸೆ ಏನಪ್ಪಾ ಅಂದರೆ, ಅದೇ ಬೆಲೆಗೆ ಊದೋ ಟೆಸ್ಟಿಗೆ ಒಂದು ಅಡಾಪ್ಟರನ್ನೂ ಯಾರಾದರೂ ಪುಣ್ಯಾತ್ಮರು ಮಾಡಿಕೊಡಲಿ.) ವಾಲ್ವ್ ಇದ್ದವರು ಜೋರಾಗಿ ಊದುವಾಗ ಬಾಯಿಂದ 'ಆ' ಅಂತ ಸದ್ದು ಬಂದರೆ ಸ್ವಲ್ಪ ಗಾಳಿ ಆ ಕಡೆ ಜಾರಿತು ಅಂತ ಅರ್ಥ. ಮತ್ತೆ ಮಾಡಿಸಬೇಕು.

ಉಳಿದ ನಿಯಮ ಎಲ್ಲರಿಗೂ ಇರುವುದೇ. ಮೂರು ಒಳ್ಳೆಯ ಊದು ಬೇಕು, ಅದರಲ್ಲಿ ಅತಿ ಹೆಚ್ಚಿನ ಎರಡರ ನಡುವೆ 150 ಮಿಲಿಲೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಅಂಕಿ ಬಂದ ಮೇಲೆ ಮೆಷಿನ್ ಪಕ್ಕದಲ್ಲಿ ಶೇಕಡಾವಾರು ಅಂತ ಒಂದು ಕಾಲಂ ತೋರಿಸುತ್ತದೆ. ನಿಮ್ಮ ವಯಸ್ಸು, ಎತ್ತರದ ಆರೋಗ್ಯವಂತರಿಗೆ ಹೋಲಿಸಿದರೆ ಎಷ್ಟು ಅಂತ. ಆ ಆರೋಗ್ಯವಂತರೆಲ್ಲ ಬಾಯಿಂದ ಊದಿದವರು. ಅದಕ್ಕೆ ನಾನು ಆ ಕಾಲಮ್ಮಿಗೆ ಅಷ್ಟು ಬೆಲೆ ಕೊಡುವುದಿಲ್ಲ. ನಿಮ್ಮದೇ ಹೋದ ವರ್ಷದ ಅಂಕಿಗೆ ಈ ವರ್ಷದ್ದನ್ನು ಹೋಲಿಸಿ. ಎರಡೂ ಸಲ ಒಂದೇ ಥರದ ಜೋಡಣೆ ಇರಬೇಕು, ಅದನ್ನು ರಿಪೋರ್ಟಿನ ಮೇಲೆ ಬರೆಯಬೇಕು. 'ಮಾಸ್ಕ್', 'ಪಟ್ಟಿ', 'ಟ್ಯೂಬ್', ಒಂದೇ ಒಂದು ಪದ. ಬರೆಯದೇ ಬಿಟ್ಟ ರಿಪೋರ್ಟ್ ತಂದರೆ ನನಗೆ ಸಿಟ್ಟು ಬರುತ್ತದೆ.

ಮೂರು ಬಾಲಿನ ಡಬ್ಬದ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಆಪರೇಷನ್ ಆದವರಿಗೆಲ್ಲ ವಾರ್ಡಿನಲ್ಲಿ ಕೊಡುತ್ತಾರಲ್ಲ, ಉಸಿರು ಎಳೆದರೆ ನೀಲಿ ಬಾಲು ಮೇಲೇರುತ್ತದೆ. ಕತ್ತಿನಿಂದ ಉಸಿರಾಡುವವರ ಬಾಯಿಗೂ ಅದನ್ನೇ ಕೊಟ್ಟು 'ದಿನಕ್ಕೆ ಹತ್ತು ಸಲ ಎಳೀರಿ' ಅಂದದ್ದನ್ನು ನೋಡಿದ್ದೇನೆ. ಯಾವ ಆಸ್ಪತ್ರೆ ಅನ್ನುವುದು ಬೇಡ. ಅವರು ಕೆನ್ನೆಯಿಂದ ಚೀಪಿ ಒಂದು ಬಾಲು ಹೇಗೋ ಎಬ್ಬಿಸುತ್ತಿದ್ದರು, ಕಾಫಿ ಸ್ಟ್ರಾ ಚೀಪಿದ ಹಾಗೆ. ಎದೆಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಆಕ್ಸಿಜನ್ನೂ ಅಷ್ಟೇ. ಮೂಗಿಗೆ ಹಾಕಿದರೆ ಆಕ್ಸಿಜನ್ ರೂಮಿಗೆ ಹೋಗುತ್ತದೆ, ರೋಗಿಗಲ್ಲ. ಕತ್ತಿಗೇ ಕೊಡಬೇಕು. ನರ್ಸಿಂಗ್ ಮಕ್ಕಳೇ, ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಮೂಗಿನ ಕೆಲಸ ನಿಂತಿದ್ದರಿಂದ ಆಗುವುದು ಇನ್ನೊಂದು. ಮೂಗು ಹೊರಗಿನ ಗಾಳಿಯನ್ನು ಸುಮಾರು 32 ಡಿಗ್ರಿಗೆ ಬಿಸಿ ಮಾಡಿ, ಪೂರ್ತಿ ತೇವ ಮಾಡಿ ಒಳಗೆ ಕಳಿಸುತ್ತದೆ. ಸ್ಟೋಮಾದಿಂದ ಒಣ ಗಾಳಿ, ದೂಳು ನೇರ ಒಳಗೆ. ಅದಕ್ಕೇ ಕಫ ಜಾಸ್ತಿ, ಚಳಿಗಾಲದಲ್ಲಂತೂ ಗಟ್ಟಿ ಹೆಕ್ಕಳೆ. ತೇವ ಹಿಡಿದಿಡುವ ಫಿಲ್ಟರ್ ಹಾಕಿಕೊಂಡರೆ ಕೆಮ್ಮು, ಕಫ ಕಡಿಮೆ ಆಗುತ್ತದೆ ಅಂತ 1990ರ ದಶಕದಲ್ಲೇ ಆಮ್‌ಸ್ಟರ್‌ಡ್ಯಾಮ್ ಕ್ಯಾನ್ಸರ್ ಸಂಸ್ಥೆಯವರು ತೋರಿಸಿದ್ದಾರೆ. ನಮ್ಮಲ್ಲಿ ದಿನಾ ಒಂದು ಫಿಲ್ಟರ್ ಎಲ್ಲರ ಕೈಗೆ ಎಟುಕುವುದಿಲ್ಲ. ಒದ್ದೆ ಬಟ್ಟೆಯ ಪದರವಾದರೂ ಕತ್ತಿನ ಮುಂದೆ ಇರಲಿ.

ಇಷ್ಟು ಹೇಳಿ ನಾನು ಕೂರುವವನಿದ್ದೆ. ಮೂರನೇ ಸಾಲಿನಿಂದ ಒಬ್ಬ ಅಮ್ಮ ಎದ್ದು, 'ಸಾರ್, ನಮ್ಮನೆಯವರು ದಮ್ಮಿಗೆ ಪಂಪ್ ತಗೋತಾರೆ, ಬಾಯಿಗೆ. ಅದೂ ತಪ್ಪಾ?' ಅಂದರು. ಆಪರೇಷನ್ ಆಗಿ ಎಷ್ಟು ವರ್ಷ ಅಂತ ಕೇಳಿದೆ. ನಾಲ್ಕು. ನಾಲ್ಕು ವರ್ಷದಿಂದ ಬೆಳಿಗ್ಗೆ ಎರಡು, ರಾತ್ರಿ ಎರಡು, ಎಲ್ಲ ಹೊಟ್ಟೆಗೇ ಹೋಗಿದೆ.

ಮಾರನೇ ವಾರ ಇಬ್ಬರನ್ನೂ ಲ್ಯಾಬಿಗೆ ಬರಹೇಳಿದೆ. ಮಾಸ್ಕ್ ಕೊಟ್ಟು ಅಳೆದೆ. ಮೊದಲ ಸೆಕೆಂಡಿನ ಗಾಳಿ 1.42 ಲೀಟರ್. ಡಾಕ್ಟರ್ ಹೇಳಿದ ಹಾಗೆ, ಸ್ಪೇಸರಿಗೆ (ಇನ್‌ಹೇಲರ್ ಪಂಪಿನ ಔಷಧಿ ಹಿಡಿದಿಡುವ ಡಬ್ಬಿ) ಮಕ್ಕಳ ಮಾಸ್ಕ್ ಸಿಕ್ಕಿಸಿ ಕತ್ತಿನ ಮೇಲೆ ಇಟ್ಟು, ಉಸಿರಿನ ನಾಳ ಸಡಿಲಿಸುವ ಸಾಲ್ಬುಟಮಾಲ್ ನಾಲ್ಕು ಪಫ್ ಕೊಟ್ಟೆವು, ಒಂದೊಂದೇ. ಅವರು ಸ್ಲೇಟು ತೆಗೆದು ಬರೆದರು: 'ಔಷಧಿ ಬಂತಾ? ಕಹಿ ಗೊತ್ತಾಗಲಿಲ್ಲ.' ಪಾಪ, ನಾಲ್ಕು ವರ್ಷ ನಾಲಿಗೆಯ ಕಹಿ ನೋಡಿಯೇ ಔಷಧಿ ಎದೆಗೆ ಹೋಯಿತು ಅಂದುಕೊಂಡಿದ್ದರು. ಹದಿನೈದು ನಿಮಿಷ ಕಾಯಿಸಿ ಮತ್ತೆ ಅಳೆದೆ. 1.66. ಸ್ಕ್ರೀನಿನ ಮೇಲೆ ಹಳೆಯ ಗೀಟು, ಹೊಸ ಗೀಟು ಎರಡನ್ನೂ ಬೆರಳಿಟ್ಟು ತೋರಿಸಿದೆ. ತುಂಬಾ ಹೊತ್ತು ನೋಡಿದರು. ಆಮೇಲೆ ಸ್ಲೇಟು ಒರೆಸಿ ಏನೋ ಬರೆದು ಹೆಂಡತಿಯ ಕಡೆ ತಿರುಗಿಸಿದರು. ನಾನೂ ಬಗ್ಗಿ ಓದಿದೆ.

'ಮನೇಲಿ ಇನ್ನೂ ಮೂರು ಪಂಪ್ ಇದೆ. ಬಿಸಾಕಬೇಡ.'